ಮಿತ್ರರು ಕೊಟ್ಟ ದ್ವೀಪಗಳು

ಪರರ ಶಿಫಾರಸಿನ ಮೇಲೆ ಪುಸ್ತಕ ಓದುವುದೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನನಗಿಂತ ಹತ್ತು ವರ್ಷ ಹಿರಿಯರಾದ ಮಿತ್ರರೊಬ್ಬರು, ಗಣಿತದ ಮೇಷ್ಟರು, ಕಂಡಾಗಲೆಲ್ಲ ಒಂದೇ ಪ್ರಶ್ನೆ ಹಾಕುತ್ತಿದ್ದರು: “ಅರ್ತ್‌ಸೀ ಓದಿದಿರಾ?” ಮಾಂತ್ರಿಕರು, ಡ್ರ್ಯಾಗನ್ನುಗಳು, ಇದೆಲ್ಲ ಈ ವಯಸ್ಸಿನಲ್ಲಿ ನಮಗೇಕೆ ಸ್ವಾಮಿ ಎಂದು ನಾನು ಜಾರಿಕೊಳ್ಳುತ್ತಿದ್ದೆ. ಕಡೆಗೊಂದು ಸಂಜೆ ಅವರು ಪುಸ್ತಕವನ್ನೇ ತಂದು ಮೇಜಿನ ಮೇಲಿರಿಸಿ, ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಕಾಫಿ ಬಿಟ್ಟು ಹೋಗುವ ಜಾಯಮಾನದವರಲ್ಲ ಅವರು. ಓದಲೇಬೇಕಾಯಿತು.

ಬರೆದವರು ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್. ಮೊದಲ ಸಂಪುಟ ಬಂದದ್ದು 1968ರಲ್ಲಿ. ನೂರಾರು ದ್ವೀಪಗಳ ಲೋಕ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಆಡು ಕಾಯುವ ಹುಡುಗ ಗೆಡ್. ಮಂತ್ರವಿದ್ಯೆ ಕಲಿಯಲು ಹೋದವನು ಸಹಪಾಠಿಯ ಮೇಲಿನ ಜಿದ್ದಿಗೆ ಮೃತಳೊಬ್ಬಳ ಆತ್ಮವನ್ನು ಕರೆಯುತ್ತಾನೆ; ಅದರೊಡನೆ ಒಂದು ಕರಿಯ ನೆರಳೂ ಹೊರಬಿದ್ದು ಅವನ ಬೆನ್ನು ಹತ್ತುತ್ತದೆ. ಅವನು ಓಡಿದಷ್ಟೂ ಅದಕ್ಕೆ ಬಲ. ತಿರುಗಿ ನಿಂತು ನೀನೇ ಅದನ್ನು ಬೆನ್ನಟ್ಟು ಎನ್ನುತ್ತಾನೆ ಗುರು. ಗೆಡ್‌ನದು ಕೆಂಪು ಬೆರೆತ ಕಂದು ಮೈಬಣ್ಣ. ಆದರೂ ಮುಖಪುಟದ ಚಿತ್ರಗಾರರು ಅವನನ್ನು ಮತ್ತೆ ಮತ್ತೆ ಬೆಳ್ಳಗಾಗಿಸಿದರೆಂದು ಲೇಖಕಿ ಬಹುಕಾಲ ದೂರುತ್ತಿದ್ದರು.

ಆ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜನಾಮವುಂಟು. ಅದನ್ನು ಬಲ್ಲವನಿಗೆ ಆ ವಸ್ತುವಿನ ಮೇಲೆ ಹಿಡಿತ ದೊರೆಯುತ್ತದೆ. ಆದುದರಿಂದ ಯಾರೂ ತಮ್ಮ ನಿಜನಾಮವನ್ನು ಹೊರಗೆಡಹುವುದಿಲ್ಲ. (ಗಂಡನ ಹೆಸರನ್ನು ಕಡೆಯವರೆಗೂ ಬಾಯಿಬಿಟ್ಟು ಹೇಳದ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸುವ ಅಗತ್ಯವೇ ಇರುತ್ತಿರಲಿಲ್ಲ.) ತನ್ನ ತಪ್ಪಿನಿಂದ ಕುಗ್ಗಿಹೋದ ಗೆಡ್‌ಗೆ ವೆಚ್ ಎಂಬ ಗೆಳೆಯ, ಕೇಳದೆಯೇ, ತನ್ನ ನಿಜನಾಮವನ್ನು ಹೇಳಿಬಿಡುತ್ತಾನೆ. ಆ ಪುಟವನ್ನು ಓದಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ.

ಎರಡು, ಮೂರನೆಯ ಸಂಪುಟಗಳನ್ನು ನಾನೇ ಬೇಡಿ ತಂದೆ. 1990ರ ನಾಲ್ಕನೆಯದಾದ ‘ತೆಹಾನು’ವನ್ನು ಮಾತ್ರ ಅವರು ಕೊಡಲೊಲ್ಲರು. “ನಿವೃತ್ತಿಯಾಗಲಿ, ಆಮೇಲೆ ಓದಿ” ಎಂದರು. ಲೇಖಕಿಯೇ ಮೂರನೆಯದಾದ ಮೇಲೆ ಹದಿನೆಂಟು ವರ್ಷ ಕಾಯಿಸಿದ್ದರಂತೆ, ನಾನು ಕಾಯಬಾರದೇಕೆ?

ನಿವೃತ್ತನಾದ ವಾರವೇ ಓದಿದೆ. ಶಕ್ತಿಯನ್ನೆಲ್ಲ ಕಳೆದುಕೊಂಡ ಗೆಡ್ ಊರಿಗೆ ಮರಳಿ ಮತ್ತೆ ಆಡು ಕಾಯುತ್ತಾನೆ. ಕುರ್ಚಿ, ಮೊಹರು, ಜವಾನ ಎಲ್ಲವೂ ಹೋದ ಬೆಳಗ್ಗೆ ತರಕಾರಿ ಚೀಲ ಹಿಡಿದು ನಿಂತ ನನಗೆ ಮೇಷ್ಟರ ಷರತ್ತಿನ ಅರ್ಥ ಹೊಳೆಯಿತು. ಹೇಳೋಣವೆಂದು ಅವರ ಮನೆಗೆ ಓಡಿದೆ.

ಆದರೆ ಆ ವೇಳೆಗೆ ಮರೆವಿನ ರೋಗ ಅವರನ್ನು ಹಿಡಿದಿತ್ತು. ನನ್ನ ಹೆಸರು ಅವರಿಗೆ ಹೊಳೆಯಲಿಲ್ಲ. “ಕೂತ್ಕೊಳ್ಳಿ” ಎಂದರು, ಅಪರಿಚಿತರಿಗೆ ಹೇಳುವಂತೆ.

ಅಂದಿನಿಂದ ಭಾನುವಾರಗಳಂದು ಹೋಗಿ ಮೊದಲ ಸಂಪುಟವನ್ನು ನನಗೆ ತಿಳಿದಂತೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೇನೆ. ಕೇಳುತ್ತಾರೋ ಇಲ್ಲವೋ ತಿಳಿಯದು. ಕಣ್ಣು ಕಿಟಕಿಯಾಚೆ ಇರುತ್ತದೆ. ಕಳೆದ ವಾರ ಅವಸರದಲ್ಲಿ, ಗೆಡ್ ಹುಟ್ಟಿದ್ದು ರೋಕ್ ದ್ವೀಪದಲ್ಲಿ ಎಂದುಬಿಟ್ಟೆ. ಮೇಷ್ಟರು ತಿರುಗಿ, ತರಗತಿಯಲ್ಲಿ ಲೆಕ್ಕ ತಪ್ಪಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದರು.

“ಗಾಂಟ್ ಕಣ್ರೀ” ಎಂದರು.

ಅವರ ಮನೆಯವರು ಒಳಗಿನಿಂದ ಕಾಫಿ ತಂದರು. ಇಬ್ಬರೂ ಕುಡಿದೆವು.