ಅಗ್ಗ ಯಾರಿಗೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಐವತ್ತೈದರ ಆಸುಪಾಸಿಗೆ ಬಂದವರು ಈಚೆಗೆ ಒಂದೇ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಷಿಕಾಗೋದವನು ಕೇಳಿದ, ಟೊರಾಂಟೋದವಳು ಕೇಳಿದಳು, ನಮ್ಮ ಬಂಧುಗಳ ಪೈಕಿ ಒಬ್ಬರು ಇಂಗ್ಲೆಂಡಿನಿಂದ ದೂರವಾಣಿ ಮಾಡಿ ಅರ್ಧ ಗಂಟೆ ಕೇಳಿದರು. "ಮೇಷ್ಟ್ರೇ, ಇಲ್ಲಿನ ಚಳಿ ಸಾಕಾಗಿಹೋಯ್ತು. ಇನ್ನು ಬೆಂಗಳೂರಿಗೇ ಬಂದುಬಿಡೋಣ ಅಂತ. ಬೆಚ್ಚಗಿನ ಊರು, ಖರ್ಚೂ ಕಡಿಮೆ. ಅಡುಗೆಗೆ ಜನ ಸಿಗ್ತಾರೆ, ಡ್ರೈವರ್ ಸಿಗ್ತಾನೆ. ನಿಮ್ಮ ರಾಜಾಜಿನಗರ, ಬಸವೇಶ್ವರನಗರದ ಕಡೆ ಇನ್ನೂ ಅಗ್ಗವಂತೆ, ಹೌದೇ?" ಪ್ರಶ್ನೆಯ ಸಾರ ಇಷ್ಟು. ಒಬ್ಬೊಬ್ಬರಿಗೂ ಬೇರೆಯಾಗಿ ಉತ್ತರಿಸುವ ಬದಲು ಎಲ್ಲರಿಗೂ ಒಟ್ಟಾಗಿ ಬರೆಯುತ್ತಿದ್ದೇನೆ. ತುಸು ಖಾರವಾಗಿಯೇ ಬರೆಯುತ್ತಿದ್ದೇನೆ. ತರಗತಿಯಲ್ಲಿ ನನ್ನನ್ನು ಸಹಿಸಿಕೊಂಡವರು ಈಗಲೂ ಸಹಿಸಿಕೊಂಡಾರು!

ನೀವು ಬರಬಾರದೆಂದು ನಾನು ಹೇಳುತ್ತಿಲ್ಲ. ಹುಟ್ಟಿ ಬೆಳೆದ ಊರಿಗೆ ಮರಳುವವರನ್ನು ತಡೆಯಲು ನಾನಾರು? ನನ್ನ ತಕರಾರೆಲ್ಲ 'ಅಗ್ಗ' ಎಂಬ ಆ ಒಂದು ಪದದ ಮೇಲೆ. ನೀವು ಅದನ್ನು ಊರಿನ ಹವೆಯ ಹಾಗೆ, ಸಂಜೆಯ ತಂಗಾಳಿಯ ಹಾಗೆ ಮಾತನಾಡುತ್ತೀರಿ. ತಾನಾಗಿ ಬೀಸುವ ವಸ್ತುವಲ್ಲ ಅದು. ಅದೊಂದು ಲೆಕ್ಕ. ಲೆಕ್ಕವೆಂದ ಮೇಲೆ ಅದರಲ್ಲಿ ಜಮೆಯೂ ಇರುತ್ತದೆ, ಖರ್ಚೂ ಇರುತ್ತದೆ. ನಿಮ್ಮ ಜಮೆ ಯಾರ ಖರ್ಚಿನ ಬಾಬತ್ತಿನಲ್ಲಿ ಬಿದ್ದಿದೆ ಎಂಬುದನ್ನು ನೋಡದೆ ಉತ್ತರ ಬರೆದರೆ, ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ಅಂಕ ಕೊಡುವುದು ಹೇಗೆ?

ಮೊದಲು ಸುಲಭದ ಲೆಕ್ಕವನ್ನು ಮುಗಿಸೋಣ. 1990ರಲ್ಲಿ ಒಂದು ಡಾಲರಿಗೆ ಸುಮಾರು 17 ರೂಪಾಯಿ ಇತ್ತು. ಇಂದು ಅದು 85ನ್ನು ದಾಟಿದೆ. ನವರಂಗ್ ಚಿತ್ರಮಂದಿರದ ಸುತ್ತಲ ಯಾವ ಹೋಟೆಲಿನಲ್ಲಿಯೂ ದೋಸೆಯ ಬೆಲೆ ಇಳಿದದ್ದನ್ನು ನಾನು ಕಂಡಿಲ್ಲ, ಇಳಿದದ್ದು ರೂಪಾಯಿ. ಅದನ್ನೇ ಸಂಪಾದಿಸಿ ಅದನ್ನೇ ಖರ್ಚು ಮಾಡುವ ದಿನಗೂಲಿಯವನಿಗೆ ಈ ಊರು ಅಗ್ಗವೆಂದು ನೀವು ಹೇಳಿ ನೋಡಿ, ಅವನು ನಿಮ್ಮ ಮುಖವನ್ನು ನೋಡುತ್ತಾನೆ.

ಹಿಂದೆ ನಮ್ಮಂಥವರಿಗೂ ಈ ಊರು ಎಟುಕುವಂತಿತ್ತು ಎಂಬುದು ನಿಜ. ಆದರೆ ಅದು ಹೇಗೆ ಎಟುಕಿತು? 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. 1949ರಲ್ಲಿ, ಆಗ ದೇಶದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರವು ಕೈಗಾರಿಕಾ ಉಪನಗರವಾಗಿ ಹುಟ್ಟಿತು. ಬಿನ್ನಿ ಮಿಲ್ಲು, ಮಿನರ್ವಾ ಮಿಲ್ಲು, ಕಿರ್ಲೋಸ್ಕರ್, ಮೈಸೂರ್ ಲ್ಯಾಂಪ್ಸ್, ಗಂಧದ ಸೋಪಿನ ಕಾರ್ಖಾನೆ, ಹೀಗೆ ದುಡಿಯುವ ಸ್ಥಳಗಳ ನೆರೆಯಲ್ಲಿ ದುಡಿಯುವವನ ಮನೆ. ಅವನಿಗಾಗಿ ಇಎಸ್‌ಐ ಆಸ್ಪತ್ರೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಸರ್ಕಾರಿ ಶಾಲೆ, ಸರ್ಕಾರಿ ಬಸ್ಸು. 1976ರಲ್ಲಿ ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂತು. ಬಸವೇಶ್ವರನಗರದ ನನ್ನ ನಿವೇಶನವೂ ಹಾಗೆ ಕಂತಿನಲ್ಲಿ ಬಂದದ್ದೇ. ಶಾಲಾ ಮೇಷ್ಟರ ಸಂಬಳದಲ್ಲಿ ಮಾರುಕಟ್ಟೆಯ ಬೆಲೆಗೆ ಒಂದು ಮೊಳ ನೆಲವೂ ನನಗೆ ದಕ್ಕುತ್ತಿರಲಿಲ್ಲ. ಯಾವುದೋ ಹಳ್ಳಿಯ ರೈತನ ಹೊಲವನ್ನು ಸರ್ಕಾರ ತಾನು ಗೊತ್ತುಮಾಡಿದ ಪರಿಹಾರಕ್ಕೆ ತೆಗೆದುಕೊಂಡು, ಗೆರೆ ಎಳೆದು, ಚರಂಡಿ ತೋಡಿ ನನಗೆ ಹಂಚಿತು. ನನಗೆ ಅಗ್ಗವಾದದ್ದು ಆ ರೈತನಿಗೆ ಅಗ್ಗವಾಗಿರಲಿಲ್ಲ. ಆದರೂ ಅದರಲ್ಲೊಂದು ಸಾರ್ವಜನಿಕ ಉದ್ದೇಶವಾದರೂ ಇತ್ತು: ಊರನ್ನು ನಡೆಸುವವರು ಊರಿನೊಳಗೇ ಬಾಳಬೇಕು ಎಂಬುದು. ಕಿರ್ಲೋಸ್ಕರ್ ಕಾರ್ಖಾನೆಯಿದ್ದ ನೆಲದಲ್ಲಿ ಈಗ ಗಗನಚುಂಬಿ ಮನೆಗಳೂ 2012ರಲ್ಲಿ ತೆರೆದ ಮಾಲೂ ಇವೆ. ಆ ನೆಲದಲ್ಲಿ ಇಂದು ದುಡಿಯುವವರು ಅದರ ನೆರೆಯಲ್ಲಿ ಬಾಡಿಗೆ ಹಿಡಿಯಲಾರರು.

ನೀರಿನ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಹರಿದು, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ನಮ್ಮ ನಲ್ಲಿಗೆ ಬರುತ್ತದೆ. ಹೀಗೆ ಬಂದ ನೀರಿಗೆ ಗೃಹಬಳಕೆಯ ಮೊದಲ ಹಂತದಲ್ಲಿ, ಅಂದರೆ ತಿಂಗಳಿಗೆ 8,000 ಲೀಟರಿನವರೆಗೆ, ಸಾವಿರ ಲೀಟರಿಗೆ ನಾವು ತೆರುತ್ತಿದ್ದುದು 7 ರೂಪಾಯಿ. 2014ರಲ್ಲಿ ನಿಗದಿಯಾದ ದರ 2025ರ ಏಪ್ರಿಲ್‌ವರೆಗೆ ಏರಲಿಲ್ಲ. ಈಗ 2024ರ ಬೇಸಿಗೆಯನ್ನು ನೆನೆಯಿರಿ. ಕೊಳವೆಬಾವಿಗಳು ಬತ್ತಿದವು, ಕಾವೇರಿಯ ಕೊಳವೆ ತಲುಪದ ಹೊರವಲಯದವರಿಗೆ ಟ್ಯಾಂಕರೇ ಗತಿಯಾಯಿತು. ಟ್ಯಾಂಕರಿನವರು ಕೇಳಿದ್ದೇ ಬೆಲೆ ಎಂಬಂತಾದಾಗ ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತ ದರ ಕಟ್ಟಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ. ಅದೇ 6,000 ಲೀಟರು ನನ್ನ ನಲ್ಲಿಯಲ್ಲಿ 42 ರೂಪಾಯಿ! ಹದಿನಾಲ್ಕು ಪಟ್ಟಿಗಿಂತ ಹೆಚ್ಚು. ಸ್ವಂತ ಮನೆ, ಪಿಂಚಣಿ, ಎರಡು ಸಂಪುಗಳಿರುವವನಿಗೆ ಏಳು ರೂಪಾಯಿಯ ನೀರು. ಶೀಟಿನ ಮನೆಯವನಿಗೆ ನೂರು ರೂಪಾಯಿಯ ನೀರು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಇದರಲ್ಲಿ ಯಾವ ಬೆಂಗಳೂರು ಅಗ್ಗ, ಯಾವುದು ದುಬಾರಿ ಎಂದು ನೀವೇ ಹೇಳಿ.

ಬಂದ ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ. ನಮ್ಮ ಬಚ್ಚಲಿನದು ವೃಷಭಾವತಿಗೆ ಹೋಗುತ್ತದೆ. ಮೈಸೂರು ರಸ್ತೆಯ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ಪ್ರಯಾಣ ಮಾಡಿದವರಿಗೆ ಆ ನದಿಯ ಪರಿಚಯವನ್ನು ನಾನು ಹೇಳಬೇಕಾಗಿಲ್ಲ. ಕೆಂಗೇರಿಯನ್ನು ದಾಟಿ ಅದು ಬಿಡದಿಯ ಕಡೆಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಅಲ್ಲಿಯ ರೈತರು ಅದೇ ನೀರಿನಲ್ಲಿ ಬೆಳೆ ತೆಗೆದಿದ್ದಾರೆ. ಕೊಳೆಯನ್ನು ಪೂರ್ತಿಯಾಗಿ ತೊಳೆದು ಬಿಡುವ ಖರ್ಚನ್ನು ನಾವು ಭರಿಸಲಿಲ್ಲ; ಅದನ್ನು ಅವರ ಗದ್ದೆ, ಅವರ ಬಾವಿ ಭರಿಸಿದವು. ನಮ್ಮ ಊರಿನ ಅಗ್ಗದಲ್ಲಿ ಇದೂ ಒಂದು ಬಾಬತ್ತು.

'ಬೆಚ್ಚಗೆ' ಎಂಬುದರ ಬಗ್ಗೆ ಎರಡು ಮಾತು. ಮೈನಸ್ ಇಪ್ಪತ್ತರಲ್ಲಿ ಬದುಕಿದವರಿಗೆ ಬಿಸಿಲು ಹಿತವೆನಿಸುವುದು ಸಹಜ. ಆದರೆ 2016ರ ಏಪ್ರಿಲಿನಲ್ಲಿ ಈ ಊರಿನ ಉಷ್ಣಾಂಶ 39.2 ಡಿಗ್ರಿಗೆ ಹೋಗಿತ್ತು. ಫ್ಯಾನಿಲ್ಲದೆ ಸಂಸಾರ ಮಾಡಿದ ನಮ್ಮ ತಾಯಂದಿರು ಕೇಳಿದ್ದರೆ ನಂಬುತ್ತಿರಲಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ನಮ್ಮ ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು. ತಂಪನ್ನು ನಾವೇ ಮಾರಿಕೊಂಡೆವು. ಹವಾನಿಯಂತ್ರಕ ಹಾಕಿಸಿಕೊಂಡವನಿಗೆ ಇದು ವಿದ್ಯುತ್ ಬಿಲ್ಲಿನ ವಿಷಯ. ಆಸ್ಬೆಸ್ಟಾಸ್ ಶೀಟಿನ ಕೆಳಗೆ ಮಗುವನ್ನು ಮಲಗಿಸುವವಳಿಗೆ ನಿದ್ರೆಯ ವಿಷಯ.

ಈಗ ನಿಮ್ಮ 'ಅಡುಗೆಗೆ ಜನ ಸಿಗ್ತಾರೆ' ಎಂಬ ಮಾತಿಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ. ನಮ್ಮ ಮನೆಗೆ ಬರುವ ಹೆಣ್ಣುಮಗಳು ಮೊದಲು ಲಗ್ಗೆರೆಯಲ್ಲಿದ್ದಳು. ಬಾಡಿಗೆ ಏರಿತೆಂದು ಸುಂಕದಕಟ್ಟೆಗೆ ಹೋದಳು. ಅಲ್ಲಿಯೂ ಏರಿತೆಂದು ಈಗ ತಾವರೆಕೆರೆಯ ಕಡೆ ಹೋಗಿದ್ದಾಳೆ. ಬೆಳಗಿನ ಮೊದಲ ಬಸ್ಸಿಗೆ ಮಾಗಡಿ ರಸ್ತೆಯಲ್ಲಿ ನಿಲ್ಲುತ್ತಾಳೆ. ನಾಲ್ಕು ಮನೆಗಳ ಕೆಲಸ ಮುಗಿಸಿ ಹಿಂದಿರುಗುವ ಹೊತ್ತಿಗೆ ಮಗಳು ಶಾಲೆಯಿಂದ ಬಂದು ಬಾಗಿಲಲ್ಲಿ ಕುಳಿತಿರುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಬಸ್ಸು ಉಚಿತ. ನಮ್ಮ ಓರಗೆಯವರು ಉದ್ಯಾನದ ಬೆಂಚಿನ ಮೇಲೆ ಕುಳಿತು 'ಬಿಟ್ಟಿ ಭಾಗ್ಯ' ಎಂದು ಹಂಗಿಸುವುದುಂಟು. ಆ ಟಿಕೆಟ್ಟಿನ ಹಣವನ್ನು ನಾವು ಸಂಬಳದಲ್ಲಿ ಸೇರಿಸಿ ಕೊಡುತ್ತಿದ್ದೆವೇ? ಇಲ್ಲ. ಹಾಗಾದರೆ ಅದು ಆಕೆಗಷ್ಟೇ ಸಂದ ಸಹಾಯಧನವಲ್ಲ, ಆಕೆಯಿಂದ ಪಾತ್ರೆ ತೊಳೆಸಿಕೊಳ್ಳುವ ನಮಗೂ ಸಂದದ್ದು. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲೇ ಗೊತ್ತುಪಡಿಸಿದ ರಾಜ್ಯ ನಮ್ಮದು. ಈ ವಿಷಯವನ್ನು ನಮ್ಮ ಬೀದಿಯಲ್ಲಿ ವಿಚಾರಿಸಿದೆ, ಒಬ್ಬರಿಗಾದರೂ ತಿಳಿದಿರಲಿಲ್ಲ. ವಾರದ ರಜೆಯೆಂದರೆ ಹುಬ್ಬೇರಿಸಿದರು.

"ನಾವು ಬಂದರೆ ನಾಲ್ಕು ಜನಕ್ಕೆ ಕೆಲಸ ಸಿಗುತ್ತದಲ್ಲವೇ?" ಎಂದು ಷಿಕಾಗೋದವನು ವಾದಿಸಿದ. ಚತುರ, ಆಗಲೂ ಹೀಗೆಯೇ ವಾದಿಸುತ್ತಿದ್ದ. ಸಿಗುತ್ತದೆ, ಒಪ್ಪಿದೆ. ಆದರೆ ನೀನು ಬಂದು ಬಾಡಿಗೆಯನ್ನು ಹೇಳಿದಷ್ಟಕ್ಕೆ ಒಪ್ಪಿಕೊಂಡು, ಕೂಲಿಯಲ್ಲಿ ಮಾತ್ರ ಬೀದಿಯ ದರವನ್ನು ವಿಚಾರಿಸಿದರೆ, ನಿನ್ನ ಒಂದು ಕೈ ಆಕೆಗೆ ಕೆಲಸ ಕೊಡುತ್ತದೆ, ಇನ್ನೊಂದು ಕೈ ಆಕೆಯನ್ನು ಮತ್ತೆರಡು ಮೈಲಿ ಆಚೆಗೆ ತಳ್ಳುತ್ತದೆ. ಇದು ನಮ್ಮೂರಿನ ಕಥೆ ಮಾತ್ರವಲ್ಲ. ಪೋರ್ಚುಗಲ್ ದೇಶ 2012ರಲ್ಲಿ ಮನೆ ಕೊಳ್ಳುವ ಪರದೇಶಿಗಳಿಗೆ ವಾಸದ ಪರವಾನಗಿ ಕೊಡತೊಡಗಿತು. ಬಿಸಿಲು ಮತ್ತು ಕಡಿಮೆ ಖರ್ಚನ್ನು ಅರಸಿ ಶ್ರೀಮಂತ ದೇಶಗಳವರು ಬಂದರು. ಲಿಸ್ಬನ್ ನಗರದ ಜನ ತಮ್ಮ ಊರಿನಲ್ಲೇ ಮನೆ ಸಿಗದೆ ಬೀದಿಗಿಳಿದರು. 2023ರಲ್ಲಿ ಸರ್ಕಾರ ಮನೆ ಖರೀದಿಯ ಆ ದಾರಿಯನ್ನು ಮುಚ್ಚಿತು. ಪ್ರವಾಸಿಗಳ ಬಾಯಲ್ಲಿ 'ಅಗ್ಗದ ಊರು' ಎನಿಸಿಕೊಂಡದ್ದಕ್ಕೆ ಅವರು ತೆತ್ತ ಬೆಲೆ ಅದು. (ಇದನ್ನು ಕೇಳಿ ಟೊರಾಂಟೋದವಳು, "ಹಾಗಾದರೆ ಮೈಸೂರಿಗೆ ಹೋಗ್ತೇವೆ ಬಿಡಿ ಸಾರ್, 2023ರಲ್ಲಿ ಹೊಸ ಹೆದ್ದಾರಿಯೂ ಆಗಿದೆಯಲ್ಲ" ಎಂದಳು. ಹೋಗಮ್ಮ. ಇಂಥದೇ ಪತ್ರವನ್ನು ಅಲ್ಲಿಯ ಮೇಷ್ಟರು ಯಾರಾದರೂ ಬರೆದಾರು.)

ದೋಷವನ್ನೆಲ್ಲ ಹೊರಗಿನಿಂದ ಬರುವವರ ಮೇಲೆ ಹೊರಿಸಿ ನನ್ನ ಓರಗೆಯವರನ್ನು ಬಿಟ್ಟುಬಿಟ್ಟರೆ ಅದು ನ್ಯಾಯವಲ್ಲ. ಕಂತಿನಲ್ಲಿ ನಿವೇಶನ ಪಡೆದವರು ನಾವು. ಇಂದು ಹತ್ತು ತಿಂಗಳ ಮುಂಗಡ ಕೇಳುವವರೂ ನಾವೇ. ತಿಂಗಳಿಗೆ ಹದಿನೈದು ಸಾವಿರದ ಬಾಡಿಗೆಯೆಂದರೆ ಒಂದೂವರೆ ಲಕ್ಷ ಎಣಿಸಿಟ್ಟು ಒಳಗೆ ಕಾಲಿಡಬೇಕು. ಅಷ್ಟು ಹಣ ಕೂಡಿಟ್ಟ ಗಾರ್ಮೆಂಟ್ಸಿನ ಹುಡುಗಿಯನ್ನು ನೀವು ಕಂಡಿದ್ದೀರಾ? ಅದರ ಮೇಲೆ ಊಟ ಯಾವುದು, ಜನ ಯಾವುದು ಎಂಬ ವಿಚಾರಣೆ ಬೇರೆ. ಗೇಟಿಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕ. ನಮ್ಮ ಹಿಂದಿನ ಅಡ್ಡರಸ್ತೆಯಲ್ಲಿ ಏಳು ಸಂಸಾರಗಳಿದ್ದ ವಠಾರವೊಂದಿತ್ತು. ನಿಮ್ಮಲ್ಲಿ ಇಬ್ಬರು ಅಲ್ಲಿಂದಲೇ ನನ್ನ ತರಗತಿಗೆ ಬರುತ್ತಿದ್ದಿರಿ. ಒಬ್ಬ ಬೀದಿದೀಪದ ಕೆಳಗೆ ಎಸ್ಸೆಸ್ಸೆಲ್ಸಿಗೆ ಓದಿದ್ದು ನನಗೆ ನೆನಪಿದೆ. ಅದನ್ನು ಕೆಡವಿ ನಾಲ್ಕಂತಸ್ತು ಕಟ್ಟಿದರು. ಈಗ ಅಲ್ಲಿ ಮೂರು ಸಂಸಾರ, ಐದು ಕಾರು. ಆ ಏಳು ಸಂಸಾರಗಳಲ್ಲಿ ಒಂದೂ ಈ ಬಡಾವಣೆಯಲ್ಲಿ ಉಳಿದಿಲ್ಲ.

ಆದ್ದರಿಂದ ಬರುವವರು ಬನ್ನಿ. ಬಂದಾಗ ಕೆಲಸದವರ ಸಂಬಳವನ್ನು ಪಕ್ಕದ ಮನೆಯವರನ್ನು ಕೇಳಿ ಗೊತ್ತುಮಾಡಬೇಡಿ, ಸರ್ಕಾರದ ಕನಿಷ್ಠ ವೇತನದ ಆದೇಶವನ್ನು ಓದಿ, ಅದಕ್ಕಿಂತ ಮೇಲೆ ಕೊಡಿ, ಭಾನುವಾರ ನಿಮ್ಮ ಪಾತ್ರೆಯನ್ನು ನೀವೇ ತೊಳೆಯಿರಿ (ಅಲ್ಲಿ ತೊಳೆಯುತ್ತಿದ್ದಿರಲ್ಲ!). ನೀರಿನ ದರ ಏರಿದಾಗ ಬೀದಿಯ ಸಂಘದಲ್ಲಿ ಕೂಗಾಡುವವರ ಜೊತೆ ಸೇರಬೇಡಿ. ನಿಮ್ಮದೇ ಹಳೆಯ ಮನೆ ಇಲ್ಲಿದ್ದರೆ, ಅದನ್ನು ಕೆಡವುವ ಮುನ್ನ ಅದರ ಕೆಳಗಿನ ಎರಡು ಕೋಣೆಯಲ್ಲಿ ಯಾರಿದ್ದಾರೆಂದು ನೋಡಿ.

ನಮ್ಮ ಮಹಡಿಯ ಭಾಗವನ್ನು ಈ ವರ್ಷ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವವನ ಸಂಸಾರಕ್ಕೆ ಕೊಟ್ಟಿದ್ದೇನೆ, ಎರಡೇ ತಿಂಗಳ ಮುಂಗಡಕ್ಕೆ. ಬೀದಿಯ ದರ ಕೆಡಿಸಿದಿರೆಂದು ಪಕ್ಕದ ಮನೆಯವರು ಹದಿನೈದು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಈಗ ಮತ್ತೆ ಬೆಳಗಿನ ಹೊತ್ತು ಜೊತೆಯಾಗಿ ನಡೆಯುತ್ತೇವೆ. ಬಾಡಿಗೆಯ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.