ಹಳೆ ಕಾರಿಗೆ ಮೀಟರ್ ಬರೆದ ಚೀಟಿ

ಸಿರವಾರದಲ್ಲಿ ಹಳೆ ಕಾರು ನೋಡಲು ಬಂದವರು ಕೇಳುವುದು ಮೂರೇ ಮಾತು. ಎಷ್ಟನೇ ಪಾಸಿಂಗ್? ಎಷ್ಟು ಓಡೈತಿ? ಎಷ್ಟಕ್ಕ ಕೊಡ್ತೀರಿ? ಆಮೇಲೆ ಬಾನೆಟ್ ಎತ್ತಿಸಿ, ಒಂದು ಸಲ ಸ್ಟಾರ್ಟ್ ಮಾಡಿಸಿ, ಕವಿತಾಳದ ಕಡೆಗೋ ಕಲ್ಮಲಾ ಕಡೆಗೋ ನಾಲ್ಕು ಕಿಲೋಮೀಟರ್ ಓಡಿಸಿ ಬಂದರೆ ವ್ಯಾಪಾರ ಮುಗಿದಂತೆ. "ಇದಕ್ಕ ಏನೇನು ಕೆಲಸ ಮಾಡಿಸೀರಿ, ಚೀಟಿ ಅದಾವೇನು?" ಎಂದು ಕೇಳುವವರು ಅಪರೂಪ. ಲಿಂಗಸುಗೂರು ರಸ್ತೆಯ ನನ್ನ ಗ್ಯಾರೇಜಿಗೆ ಕೊಳ್ಳುವವರೂ ಬರುತ್ತಾರೆ, ಮಾರುವವರೂ ಬರುತ್ತಾರೆ. ಯಾರೂ ಕೇಳದ ಆ ನಾಲ್ಕನೆಯ ಪ್ರಶ್ನೆಯೇ ಬೆಲೆ ತೀರ್ಮಾನಿಸಬೇಕು ಎಂದು ಇಬ್ಬರಿಗೂ ಹೇಳುತ್ತಾ ಬಂದಿದ್ದೇನೆ.

ಕಳೆದ ಬೇಸಿಗೆಯಲ್ಲಿ ನನ್ನ ಕಣ್ಣೆದುರು ಎರಡು ಡಿಜೈರ್ ಮಾರಾಟವಾದವು. ಎರಡೂ ಡೀಸೆಲ್, ಎರಡೂ 2016ರ ಕೆಎ 36 ಪಾಸಿಂಗ್, ಎರಡೂ ಲಕ್ಷ ಕಿಲೋಮೀಟರಿನ ಆಸುಪಾಸು ಓಡಿದವು. ಒಂದು ಹೈಸ್ಕೂಲ್ ಮೇಷ್ಟರದು. ಅವರು ಬಟ್ಟೆ ಅಂಗಡಿಯ ಕೈಚೀಲವೊಂದರಲ್ಲಿ ಗಾಡಿಯ ಕಾಗದಗಳನ್ನೆಲ್ಲ ಹಾಕಿಟ್ಟಿದ್ದರು. ಮೊದಲ ವರ್ಷಗಳ ಕಂಪನಿ ಸರ್ವಿಸ್ ಬಿಲ್ಲುಗಳು, ವಾರಂಟಿ ಮುಗಿದ ಮೇಲೆ ನನ್ನಲ್ಲಿ ಮಾಡಿಸಿದ ಕೆಲಸದ ಚೀಟಿಗಳು, ಟೈರಿನ ಬಿಲ್ಲು, ಬ್ಯಾಟರಿಯ ಗ್ಯಾರಂಟಿ ಕಾರ್ಡು, 82 ಸಾವಿರ ಓಡಿದಾಗ ಕ್ಲಚ್ ಹಾಕಿಸಿದ ಲೆಕ್ಕ. ದೇವದುರ್ಗದಿಂದ ಬಂದ ಗಿರಾಕಿ ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು ಒಂದೊಂದೇ ಕಾಗದ ತಿರುವಿ ನೋಡಿದ. ಕೇಳಿದ ಬೆಲೆಯಲ್ಲಿ ಐದು ಸಾವಿರ ಇಳಿಸಿ, ಅಂದೇ ಮುಂಗಡ ಕೊಟ್ಟು ಹೋದ.

ಇನ್ನೊಂದು ಮಾನ್ವಿ ಕಡೆಯ ಭತ್ತದ ರೈತನದು. ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿದೆ, ಒಳಗೆ ಕರಿ ಜಿಡ್ಡು ಕಟ್ಟಿರಲಿಲ್ಲ. ಚೈನಿನ ಸದ್ದಿಲ್ಲ, ಟರ್ಬೊ ಪೈಪಿನ ಸುತ್ತ ಎಣ್ಣೆ ಒಸರಿಲ್ಲ. ಡಿಜೈರಿನ ಈ 1.3 ಲೀಟರ್ ಡೀಸೆಲ್ ಎಂಜಿನ್ ಫಿಯೆಟ್ ಮೂಲದ್ದು. ಅದರ ಟೈಮಿಂಗ್ ಚೈನು ಬಿಗಿಯಾಗಿ ನಿಲ್ಲುವುದು ಎಣ್ಣೆಯ ಒತ್ತಡದಿಂದ, ಟರ್ಬೊ ಉಳಿಯುವುದೂ ಅದೇ ಎಣ್ಣೆಯಿಂದ. ಹತ್ತು ಸಾವಿರಕ್ಕೋ ವರ್ಷಕ್ಕೋ ಎಣ್ಣೆ ಬದಲಿಸದೆ ಲಕ್ಷ ಓಡಿಸಿದ ಎಂಜಿನ್ ಹಾಗೆ ಇರಲು ಸಾಧ್ಯವೇ ಇಲ್ಲ. ಆ ರೈತ ನಿಗಾ ಮಾಡಿದ್ದ, ಖರ್ಚು ಮಾಡಿದ್ದ. ಆದರೆ ದಲಾಲ "ಕಾಗದ ತೋರಿಸ್ರಿ" ಎಂದಾಗ ಅವನ ಕೈಯಲ್ಲಿ ಆರ್‌ಸಿ ಮತ್ತು ಇನ್ಶೂರೆನ್ಸ್ ಬಿಟ್ಟರೆ ಏನೂ ಇರಲಿಲ್ಲ. "ಎಲ್ಲಾ ಟೈಮ್ ಟೈಮಿಗೆ ಮಾಡಿಸೀನ್ರಿ, ನಮ್ಮ ಮಿಸ್ತ್ರಿಗೆ ಕೇಳ್ರಿ" ಎಂದ. ಆ ಮಿಸ್ತ್ರಿ ಗ್ಯಾರೇಜ್ ಮುಚ್ಚಿ ಊರು ಬಿಟ್ಟು ಹೋಗಿದ್ದ. ಮೇಷ್ಟರ ಗಾಡಿಗಿಂತ ನಲವತ್ತು ಸಾವಿರ ಕಡಿಮೆಗೆ ಅದು ಕೈಬಿಟ್ಟಿತು. ಮುಂದೆ ಅದೇ ದಲಾಲ ಅದನ್ನೇ "ಫುಲ್ ಮೇಂಟೇನ್ ಮಾಡಿದ ಗಾಡಿ" ಎಂದು ಒಳ್ಳೆಯ ಬೆಲೆಗೆ ಮಾರಿದ.

ಗಾಡಿ ಕೆಡಿಸಿಕೊಂಡವನ ರೊಕ್ಕ ಹೋದರೆ ಅದು ನ್ಯಾಯವೇ. ಚಲೋ ಇಟ್ಟುಕೊಂಡವನ ರೊಕ್ಕ ಹೋಗುವುದನ್ನು ನೋಡುತ್ತಾ ನಿಲ್ಲುವುದು ಕಷ್ಟ. ನಮ್ಮ ಸೀಮೆಯಲ್ಲಿ ಇದು ದಿನವೂ ನಡೆಯುತ್ತಿದೆ.

ಇಲ್ಲಿ ಗಾಡಿ ಇಟ್ಟುಕೊಳ್ಳುವುದೇ ಬೇರೆ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟಿ ನಿಲ್ಲುತ್ತದೆ. ಸುಗ್ಗಿಯಲ್ಲಿ ಭತ್ತದ ಹೊಟ್ಟು ಹಾರಿ ರೇಡಿಯೇಟರ್ ಜಾಲರಿಯಲ್ಲಿ ಕೂರುತ್ತದೆ, ಹತ್ತಿ ಕಾಲದಲ್ಲಿ ಅದಕ್ಕೆ ಹತ್ತಿಯ ಎಳೆ ಸೇರುತ್ತದೆ. ಎರೆಮಣ್ಣಿನ ದೂಳು ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ಮುಚ್ಚಿಹಾಕುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬೋರಿನ ನೀರು. ದಾರಿಯಲ್ಲಿ ಎಂಜಿನ್ ಕಾದರೆ ಹೊಲದ ಬೋರಿನ ಉಪ್ಪು ನೀರನ್ನೇ ರೇಡಿಯೇಟರಿಗೆ ಸುರಿಯುವ ರೂಢಿ ನಮ್ಮಲ್ಲಿದೆ. ಒಂದೆರಡು ಬೇಸಿಗೆ ಹೀಗೆ ಕಳೆದರೆ ಒಳಗೆ ಗಾರೆ ಕಟ್ಟಿ, ನೀರಿನ ದಾರಿ ಸಣ್ಣದಾಗಿ, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಮಾರುವ ಹಿಂದಿನ ದಿನ ಅದನ್ನೆಲ್ಲ ಬಸಿದು ಹಸಿರು ಕೂಲಂಟ್ ತುಂಬಿದರೆ ಮೇಲಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ನಾಲ್ಕು ಕಿಲೋಮೀಟರ್ ಓಡಿಸಿದರೂ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಕೂಲಂಟ್ ಬದಲಿಸಿದ ಚೀಟಿ ಇದ್ದರೆ ಮಾತ್ರ ಧೈರ್ಯವಾಗಿ ಹೇಳಬಹುದು. ನನ್ನನ್ನು ಕೇಳಿದರೆ, ಬೆಂಗಳೂರಿನ ಹಳೆ ಕಾರಿಗಿಂತ ರಾಯಚೂರಿನ ಹಳೆ ಕಾರಿಗೆ ದಾಖಲೆ ಹೆಚ್ಚು ಬೇಕು.

ಮೀಟರಿನ ವಿಷಯ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಈಗಿನ ಡಿಜಿಟಲ್ ಮೀಟರನ್ನು ಹಿಂದೆ ತಿರುವಲು ಒಂದು ಸಣ್ಣ ಯಂತ್ರವಿದ್ದರೆ ಸಾಕು. ಒಂದೂವರೆ ಲಕ್ಷ ಓಡಿದ್ದು ಎಪ್ಪತ್ತು ಸಾವಿರವಾಗಿ ಸಂತೆಗೆ ಬರುತ್ತದೆ. ಬ್ರೇಕ್ ಪೆಡಲಿನ ರಬ್ಬರ್ ಸವೆದಿದೆಯೇ, ಸ್ಟೀರಿಂಗ್ ಎಷ್ಟು ನುಣುಪಾಗಿದೆ, ಟೈರಿನ ಮೇಲಿನ ನಾಲ್ಕು ಅಂಕಿ ಯಾವ ವಾರದ, ಯಾವ ವರ್ಷದ ತಯಾರಿಕೆ ಎನ್ನುತ್ತದೆ ಎಂದು ನಾವು ನೋಡುತ್ತೇವೆ. ಇವೆಲ್ಲ ಅನುಮಾನ ಹುಟ್ಟಿಸಬಲ್ಲವು, ಸಾಬೀತು ಮಾಡಲಾರವು. ವರ್ಷ ವರ್ಷದ ಚೀಟಿಗಳಲ್ಲಿ ಮೀಟರ್ ಓದು ಸಾಲಾಗಿ ಏರುತ್ತಾ ಬಂದಿದ್ದರೆ ಮೋಸಕ್ಕೆ ಜಾಗವೇ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರನ್ನು ಪ್ರತಿ ವರ್ಷ ಕಡ್ಡಾಯ ತಪಾಸಣೆಗೆ ಒಯ್ಯಬೇಕು. ಅಂದಿನ ಮೀಟರ್ ಓದು ದಾಖಲಾಗುತ್ತದೆ, ಗಾಡಿಯ ನಂಬರ್ ಹಾಕಿ ಯಾರು ಬೇಕಾದರೂ ಸರ್ಕಾರದ ಜಾಲತಾಣದಲ್ಲಿ ನೋಡಬಹುದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ಅದು ಓಡಿದ ದೂರದ ಬಗ್ಗೆ ಸರ್ಕಾರ ಕೇಳುವುದೇ ಇಲ್ಲ. ಹಾಗಾಗಿ ಆ ಹದಿನೈದು ವರ್ಷದ ಸಾಕ್ಷಿಯನ್ನು ಮಾಲೀಕನೇ ಕೂಡಿಡಬೇಕು.

ಹೈದರಾಬಾದಿನ ಗಾಡಿಗಳ ಮಾತು ಇನ್ನೂ ಗಂಭೀರ. ಕೃಷ್ಣೆ ದಾಟಿದರೆ ತೆಲಂಗಾಣ. ಅಲ್ಲಿಯ ಕಾರು ಅಗ್ಗಕ್ಕೆ ಸಿಗುತ್ತದೆಂದು ತರುವವರು ಬಹಳ. ಫಾರಂ 28ರ ಎನ್‌ಒಸಿ, ಇಲ್ಲಿಯ ತೆರಿಗೆ, ಹೊಸ ನಂಬರ್ ಇವುಗಳ ಲೆಕ್ಕ ಹಾಕುತ್ತಾರೆ. ಆ ಗಾಡಿ ಎಲ್ಲಿ ನಿಂತಿತ್ತು ಎಂದು ಕೇಳುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಬಡಾವಣೆಗಳಿಗೆ ನೀರು ನುಗ್ಗಿತ್ತು, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದವು. ನೀರು ಕುಡಿದ ಕಾರಿನ ವೈರಿಂಗ್ ವರ್ಷ ಕಳೆದ ಮೇಲೆ ಕಾಟ ಕೊಡಲು ಶುರು ಮಾಡುತ್ತದೆ. ಹೊರ ಊರಿನ ಗಾಡಿ ಕೊಳ್ಳುವವರು ಆ ನಂಬರಿನ ಸರ್ವಿಸ್ ಹಿಸ್ಟರಿಯನ್ನು ಮಾಲೀಕನ ಮೂಲಕವೇ ಕಂಪನಿ ವರ್ಕ್‌ಶಾಪಿನಿಂದ ತರಿಸಿ, ಇನ್ಶೂರೆನ್ಸ್ ಕ್ಲೇಮ್ ಆಗಿದೆಯೇ ಎಂದು ವಿಚಾರಿಸಿ ಮುಂದುವರಿಯಬೇಕು. ಮಾರುವವನು ಕೊಡಲು ಒಪ್ಪದಿದ್ದರೆ ಎದ್ದು ಬರುವುದು ಲೇಸು.

ಕೆಲವರು ರಿಪೇರಿ ಚೀಟಿಗಳನ್ನು ಬೇಕೆಂದೇ ಹರಿದು ಹಾಕುತ್ತಾರೆ. ಕ್ಲಚ್ ಬದಲಿಸಿದ್ದು, ಸಸ್ಪೆನ್ಷನ್ ಬುಷ್ ಹಾಕಿಸಿದ್ದು, ಇಂಜೆಕ್ಟರ್ ತೆಗೆಸಿದ್ದು ಗೊತ್ತಾದರೆ ಗಿರಾಕಿ "ಇದು ಕೆಲಸ ಮಾಡಿದ ಗಾಡಿ" ಎಂದು ಹಿಂದೆ ಸರಿದಾನು ಎಂಬ ಅಂಜಿಕೆ. ಇದು ಪೂರಾ ತಪ್ಪು ಲೆಕ್ಕ. ಲಕ್ಷ ಓಡಿದ ಕಾರಿಗೆ ಕ್ಲಚ್ ಹಾಕಿಸಿಲ್ಲ ಎಂದರೆ ಆ ಖರ್ಚು ಕೊಳ್ಳುವವನ ತಲೆಯ ಮೇಲೆ ಬರುತ್ತದೆ ಎಂದರ್ಥ, ತಿಳಿದ ಗಿರಾಕಿ ಅದನ್ನು ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಹಾಕಿಸಿದ ಬಿಲ್ಲು ತೋರಿಸಿದರೆ ಮುರಿಯಲು ಅವನಿಗೆ ಕಾರಣವಿಲ್ಲ. ಬಂಪರ್ ಬಡಿದು ಬಣ್ಣ ಹೊಡೆಸಿದ್ದನ್ನೂ ಹೇಳಿಬಿಡಿ. ಮಿಸ್ತ್ರಿಯ ಕಣ್ಣಿಗೆ ಆ ಬಣ್ಣ ಹೇಗೂ ಬೀಳುತ್ತದೆ, ಮುಚ್ಚಿಟ್ಟದ್ದು ಒಂದು ಹೊರಬಿದ್ದರೆ ನೀವು ಆಡಿದ ನಿಜಗಳನ್ನೂ ಅವರು ನಂಬುವುದಿಲ್ಲ. ಚೀಟಿ ಇದ್ದ ಮಾತ್ರಕ್ಕೆ ಗಾಡಿ ಚಿನ್ನ ಎಂದೂ ನಾನು ಹೇಳುತ್ತಿಲ್ಲ. ಒಂದೇ ಪೆನ್ನಿನಲ್ಲಿ ಒಂದೇ ದಿನ ಬರೆದು ಸೀಲು ಹೊಡೆದ ಸರ್ವಿಸ್ ಪುಸ್ತಕಗಳನ್ನೂ ನೋಡಿದ್ದೇನೆ. ಕಾಗದ ಓದಿ, ಆಮೇಲೆ ಗಾಡಿಯನ್ನೂ ತೋರಿಸಿ.

ಈಗ ನನ್ನ ಕಸುಬಿನವರ ಮಾತು. ನಮ್ಮ ಸೀಮೆಯ ಬಹುತೇಕ ಗ್ಯಾರೇಜುಗಳಲ್ಲಿ ಚೀಟಿ ಕೊಡುವ ಪದ್ಧತಿಯಿಲ್ಲ. ಹಾಗೆಂದು ಬರೆಯುವುದೇ ಇಲ್ಲವೆಂದಲ್ಲ. ಉದ್ರಿ ಖಾತೆಯಲ್ಲಿ ಎಲ್ಲವೂ ಇರುತ್ತದೆ: ಯಾವ ದಿನ, ಯಾರ ಗಾಡಿ, ಎಷ್ಟು ಲೀಟರ್ ಎಣ್ಣೆ, ಯಾವ ಸಾಮಾನು. ರೈತ ಭತ್ತ ಮಾರಿ ಬಂದು ಬಾಕಿ ತೀರಿಸಿದ ದಿನ ಆ ಪುಟಕ್ಕೆ ಅಡ್ಡಗೆರೆ ಬೀಳುತ್ತದೆ, ಪುಸ್ತಕ ತುಂಬಿದರೆ ರದ್ದಿಗೆ ಹೋಗುತ್ತದೆ. ಗಾಡಿಯ ಇತಿಹಾಸವೂ ಅದರೊಂದಿಗೇ ಹೋಗುತ್ತದೆ. ಬಿಲ್ಲು ಕೊಟ್ಟರೆ ಜಿಎಸ್‌ಟಿಯವರು ಬರುತ್ತಾರೆಂದು ಕೆಲವರ ಹೆದರಿಕೆ. ಸೇವೆ ಒದಗಿಸುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ನೋಂದಣಿ ಕಡ್ಡಾಯವಲ್ಲ. ತೆರಿಗೆ ಹಾಕದ ಸಾದಾ ಚೀಟಿ ಕೊಡಲು ಯಾರ ಅಡ್ಡಿಯೂ ಇಲ್ಲ.

ಹೊರಗಿನ ಮೆಕ್ಯಾನಿಕ್‌ಗಳಿಗೆ ಬಿಡಿಭಾಗ, ದುರಸ್ತಿಯ ಮಾಹಿತಿ ಸರಿಯಾಗಿ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ದಂಡದ ವ್ಯಾಜ್ಯ ಮೇಲ್ಮನವಿಗೆ ಹೋದದ್ದು ಬೇರೆ ಕತೆ. ನಮ್ಮಂಥವರ ಕೆಲಸಕ್ಕೂ ಮಾರುಕಟ್ಟೆಯಲ್ಲಿ ಹಕ್ಕಿದೆ ಎಂದು ಅಂದು ಗಟ್ಟಿಯಾಗಿ ಹೇಳಿದಂತಾಯಿತು. ಆದರೆ ಹಕ್ಕು ಕೇಳುವವರು ಮಾಡಿದ ಕೆಲಸಕ್ಕೆ ಸಹಿಯನ್ನೂ ಹಾಕಬೇಕು. ಕಂಪನಿಯ ಬಿಲ್ಲಿಗೆ ಬೆಲೆ ಬಂದದ್ದು ಅವರ ಪಾನಾ ನಮ್ಮದಕ್ಕಿಂತ ದೊಡ್ಡದೆಂದಲ್ಲ, ಅವರು ಬರೆದು ಕೊಡುತ್ತಾರೆಂದು.

ಕಾನೂನು ಈಚೆಗೆ ಸ್ವಲ್ಪ ಬಿಗಿಯಾಗಿದೆ. 2023ರ ಏಪ್ರಿಲ್ 1ರಿಂದ ಹಳೆ ಗಾಡಿಯ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು, ಗಾಡಿ ಅವರ ಕೈಗೆ ಬಂದದ್ದನ್ನು ಪೋರ್ಟಲ್‌ನಲ್ಲಿ ತಿಳಿಸಬೇಕು. ಇದು ಬೇಕಾದ ನಿಯಮವೇ. ಗಾಡಿ ಕೊಟ್ಟ ಮೇಲೆ ಹೆಸರು ಬದಲಾಗಿಲ್ಲದಿದ್ದರೆ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವನೇ ಹೊಣೆ ಎಂದು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾರಿದವರು 14 ದಿನದೊಳಗೆ ವರ್ಗಾವಣೆಯ ಸುದ್ದಿ ಮುಟ್ಟಿಸಬೇಕು, ಫಾರಂ 29 ಮತ್ತು 30ರ ನಕಲು ಇಟ್ಟುಕೊಳ್ಳಬೇಕು. ಆದರೆ ಈ ನಿಯಮಗಳು ಮುಖ್ಯವಾಗಿ ಬರೆದಿಡುವುದು ಗಾಡಿ ಯಾರದು ಎಂಬುದನ್ನು. ಅದರ ಎಂಜಿನ್ನಿಗೆ ಏನಾಯಿತೆಂದು ಬರೆಯಿಸುವ ನಿಯಮ ಒಂದೂ ಇಲ್ಲ. ಅಧಿಕೃತ ವ್ಯಾಪಾರಿ ತನಗೆ ಸಿಕ್ಕ ಸರ್ವಿಸ್ ಕಾಗದಗಳನ್ನು ಮುಂದಿನ ಗಿರಾಕಿಗೆ ದಾಟಿಸಲೇಬೇಕು ಎಂಬ ಒಂದು ಸಾಲನ್ನು ಸರ್ಕಾರ ಸೇರಿಸಬೇಕು ಎಂಬುದು ನನ್ನ ಬೇಡಿಕೆ.

ನಾನು ಇಷ್ಟೊಂದು ಹೇಳುವುದಕ್ಕೆ ಕಾರಣವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಸಿರವಾರ, ಮಾನ್ವಿ ಇರುವುದು ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ. ನೀರು ಕಡಿಮೆಯಾದರೆ ಮೊದಲು ಒಣಗುವುದು ನಾವೇ. ತಾತ್ಕಾಲಿಕ ಗೇಟು ಕೂರಿಸುವವರೆಗಿನ ಆ ವಾರದಲ್ಲಿ ಗ್ಯಾರೇಜಿನ ಮುಂದೆ ನಿಂತು "ಗಾಡಿ ಎಷ್ಟಕ್ಕ ಹೋಗಬಹುದು?" ಎಂದು ಕೇಳಿದವರ ಮುಖ ಕಂಡಿದ್ದೇನೆ. ಬೆಳೆ ಕೈಕೊಟ್ಟರೆ ಹೊಲ ಮಾರುವ ಮುಂಚೆ, ಬಂಗಾರ ಅಡವಿಡುವ ಮುಂಚೆ ಮಾರಲು ಬರುವುದು ಕಾರು. ಅಂಥ ಹೊತ್ತಿನಲ್ಲಿ ನಲವತ್ತು ಸಾವಿರ ಸಣ್ಣ ಮೊತ್ತವಲ್ಲ, ಬೀಜ ಗೊಬ್ಬರದ ಬಾಕಿ ಅದರಲ್ಲಿ ತೀರುತ್ತದೆ. ಅದೇ ಮನೆಯಲ್ಲಿ ಬೀಜದ ಚೀಲದ ಬಿಲ್ಲನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಬೀಜ ಮೊಳೆಯದಿದ್ದರೆ ಪರಿಹಾರ ಕೇಳಲು ಅದು ಬೇಕೆಂದು ಅನುಭವ ಕಲಿಸಿದೆ. ಲಕ್ಷಗಟ್ಟಲೆ ಬಾಳುವ ಗಾಡಿಗೂ ಆ ಜೋಪಾನ ಸಲ್ಲಬೇಕು.

ಇಡುವ ರೀತಿಯನ್ನೂ ಹೇಳಿಬಿಡುತ್ತೇನೆ. ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲನ್ನು ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟರೆ ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಅಕ್ಷರ ಅಳಿಸಿಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯವರೊಬ್ಬರಿಗೆ ಕಳಿಸಿಡಿ. ಮಿಸ್ತ್ರಿ ಕೊಡುವ ಚೀಟಿಯಲ್ಲಿ ತಾರೀಖು, ಗಾಡಿ ನಂಬರ್, ಮೀಟರ್ ಓದು, ಹಾಕಿದ ಎಣ್ಣೆಯ ಹೆಸರು ಮತ್ತು ಗ್ರೇಡ್, ಬದಲಿಸಿದ ಸಾಮಾನು, ಅವನ ಸಹಿ, ಫೋನ್ ನಂಬರ್ ಇರಲಿ. ಸಾಮಾನು ರಾಯಚೂರಿನ ಅಂಗಡಿಯಿಂದ ತಂದದ್ದಾದರೆ ಆ ಅಂಗಡಿಯ ಬಿಲ್ಲನ್ನು ಅದಕ್ಕೇ ಪಿನ್ ಮಾಡಿ. ಇದಕ್ಕೆ ಎರಡು ನಿಮಿಷ ಸಾಕು.

ಸಿರವಾರ, ಮಾನ್ವಿ, ದೇವದುರ್ಗದ ನನ್ನ ಕಸುಬಿನ ಗೆಳೆಯರೇ, ಒಂದು ಬಿಲ್ ಪುಸ್ತಕ ಅಚ್ಚು ಹಾಕಿಸಿಕೊಳ್ಳಿ, ಮೀಟರ್ ನೋಡಿ ಬರೆದು ಸಹಿ ಹಾಕಿ ಕೊಡಿ. ಗಾಡಿ ಇರುವವರೇ, ಈ ಸಲ ಸರ್ವಿಸ್ ಮಾಡಿಸಿದಾಗ ರೊಕ್ಕ ಎಣಿಸುವ ಮುಂಚೆ ಆ ಚೀಟಿ ಕೇಳಿ. ಕೊಡಲು ಒಪ್ಪದ ಗ್ಯಾರೇಜಿಗೆ ಮತ್ತೆ ಗಾಡಿ ಬಿಡಬೇಡಿ.