ಒಂದೇ ಈಡಿನ ಭರವಸೆ

ಕೂನೂರಿನಿಂದ ಊಟಿಗೆ ಹತ್ತುವ ಪುಟ್ಟ ರೈಲಿನ ದಾರಿಯಲ್ಲಿ, ವೆಲಿಂಗ್ಟನ್ ದಾಟಿದ ಮೇಲೆ ಅರವಂಕಾಡು ಸಿಗುತ್ತದೆ. ಅಲ್ಲಿ 1903ರಲ್ಲಿ ಶುರುವಾದ ಕಾರ್ಡೈಟ್ ಕಾರ್ಖಾನೆಯಿದೆ. ಕಾರ್ಡೈಟ್ ಎಂದರೆ ಹೊಗೆಯಿಲ್ಲದ ಕೋವಿಮದ್ದು. 1889ರಲ್ಲಿ ಬ್ರಿಟನ್ನಿನಲ್ಲಿ ಅದು ಬಂದ ಮೇಲೆ, ಶತಮಾನಗಳ ಕಾಲ ಯುದ್ಧವನ್ನೂ ಬೇಟೆಯನ್ನೂ ಆಳಿದ್ದ ಕರಿಮದ್ದು ಸೈನ್ಯದ ಬಂದೂಕುಗಳಿಂದ ಹೊರಬಿತ್ತು. ಆದರೆ ಅದೇ ಬೆಟ್ಟಗಳಲ್ಲಿ ಬೆಳೆ ಕಾಯುವ ರೈತನಿಗೆ ಕಾನೂನು ಮೊದಲು ತೋರಿಸುವುದು ಇವತ್ತಿಗೂ ಕರಿಮದ್ದಿನ ಕೋವಿಯನ್ನೇ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ, ಬೆಳೆ ಕಾಯುವ ನಿಜವಾದ ಅಗತ್ಯಕ್ಕೆ ಬಾಯಿಂದ ಮದ್ದು ತುಂಬುವ ಕೋವಿಯ, ಅಂದರೆ ನಮ್ಮ ಕೇಪಿನ ಕೋವಿಯ, ಪರವಾನಗಿ ಕೊಡಬೇಕು ಎನ್ನುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಆ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಪರವಾನಗಿ ಕೊಡಬಹುದು. ಕೇಪಿನ ಕೋವಿ ಸಾಕೇ, ಸಾಲದೇ ಎಂಬ ಅನುಮಾನ ಕಾನೂನು ಬರೆದವರಿಗೇ ಇತ್ತು ಎಂದಾಯಿತು. ಆ ಅನುಮಾನವನ್ನು ಎರಡೂ ಕಡೆಯಿಂದ ತೂಗಿ ನೋಡುವುದು ನ್ಯಾಯ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಶೋಕಿಗೆ ಇಲ್ಲಿ ಜಾಗವಿಲ್ಲ. ಉಳಿದಿರುವುದು ಗದ್ದೆಗೆ ನುಗ್ಗುವ ಹಂದಿಯ ಪ್ರಶ್ನೆ, ಕಳ್ಳಬೇಟೆಯ ಪ್ರಶ್ನೆ ಮತ್ತು ಅಧಿಕಾರಿಯ ಲಿಖಿತ ಆದೇಶವಿದ್ದಾಗ ಮಾತ್ರ ಹಾರಬಹುದಾದ ಗುಂಡಿನ ಪ್ರಶ್ನೆ.

ಕೇಪಿನ ಕೋವಿ ತುಂಬುವುದನ್ನು ಹತ್ತಿರದಿಂದ ನೋಡಿದವರಿಗೆ ಅದರ ಗುಣ, ದೋಷ ಎರಡೂ ಒಟ್ಟಿಗೇ ಕಾಣುತ್ತವೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಅಳತೆಯ ಮದ್ದನ್ನು ನಳಿಗೆಯ ಬಾಯಿಗೆ ಸುರಿಯಬೇಕು. ಮೇಲೆ ತೆಂಗಿನ ನಾರಿನ ಉಂಡೆ ಇಟ್ಟು ಗಜದಿಂದ ತಳ್ಳಿ ಗಟ್ಟಿಸಬೇಕು. ಎಲ್ಲ ಸರಿಯಾಗಿ ಕೂತಾಗ ಗಜ ತಾನೇ ಸ್ವಲ್ಪ ಪುಟಿದು ಅಂಗೈಗೆ ಬರುತ್ತದೆ. ಅನುಭವಿ ಕೈ ಆ ಪುಟಿತಕ್ಕೆ ಕಾಯುತ್ತದೆ. ಆಮೇಲೆ ಚರೆ ಇಲ್ಲವೇ ಗುಂಡು, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಕುದುರೆಯನ್ನು ಹಿಂದಕ್ಕೆಳೆದು, ಕಡಲೆಕಾಳಿಗಿಂತ ಚಿಕ್ಕದಾದ ತಾಮ್ರದ ಕೇಪನ್ನು ಮೊನೆಯ ಮೇಲೆ ಕೂರಿಸಬೇಕು. ಇಷ್ಟೆಲ್ಲ ಆಗಿ ಸಿಗುವುದು ಒಂದೇ ಒಂದು ಈಡು.

ಈ ಕೋವಿಯ ಪರ ಮಾತಾಡುವವರ ವಾದ ಹಗುರವಾದದ್ದಲ್ಲ. ಮೊದಲನೆಯದು ಇತಿಹಾಸ. 1820ರ ದಶಕದಲ್ಲಿ ಜಾನ್ ಸಲಿವನ್ ಊಟಿಯಲ್ಲಿ ಮನೆ ಕಟ್ಟಿದ ಕಾಲದಿಂದ ಮುಂದಿನ ನಾಲ್ಕೈದು ದಶಕ ಈ ಬೆಟ್ಟಗಳಿಗೆ ಬಂದ ಬಿಳಿಯರು ಕಾಟಿ, ಕಡವೆ, ಹುಲಿ, ಕಡಿದಾದ ಬಂಡೆಗಳ ಮೇಲಿನ ವರೆಯಾಡುಗಳನ್ನು ಹೊಡೆದದ್ದು ಬಹುಪಾಲು ಬಾಯಿಂದ ತುಂಬುವ ಬಂದೂಕುಗಳಿಂದಲೇ. ಪ್ರಾಣಿಗಳು ಎಷ್ಟು ಕಡಿಮೆಯಾದವೆಂದರೆ 1877ರಲ್ಲಿ ಅದೇ ಬೇಟೆಗಾರರು ನೀಲಗಿರಿ ಗೇಮ್ ಅಸೋಸಿಯೇಷನ್ ಕಟ್ಟಿಕೊಂಡರು, 1879ರಲ್ಲಿ ಮದ್ರಾಸ್ ಸರ್ಕಾರ ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆಂದೇ ಕಾಯ್ದೆ ಮಾಡಬೇಕಾಯಿತು. ಕೆಲಸಕ್ಕೆ ಬಾರದ ಕೋವಿಯಿಂದ ಕಾಡು ಇಷ್ಟು ಬರಿದಾಗುತ್ತಿರಲಿಲ್ಲ ಎಂಬುದು ಅವರ ಮಾತು.

ಎರಡನೆಯದು ಸರಳತೆ. ಕೆಟ್ಟರೆ ಊರಿನ ಕಮ್ಮಾರ ಸರಿಮಾಡಬಲ್ಲ. ಒಳಗೆ ಒಡೆಯುವ ನವಿರು ಭಾಗಗಳು ಕಡಿಮೆ. ಮೂರನೆಯದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ: ನುಣುಪು ನಳಿಗೆಯಿಂದ ಹೊರಟ ಚರೆ ಬಹಳ ದೂರ ಹೋಗುವುದಿಲ್ಲ. ಟೀ ತೋಟ, ಲೈನ್ ಮನೆ, ಕಾಲುದಾರಿ ಎಲ್ಲ ಒತ್ತೊತ್ತಾಗಿರುವ ಗೂಡಲೂರಿನಂಥ ಕಡೆ, ಮೈಲುಗಟ್ಟಲೆ ಹಾರುವ ರೈಫಲ್ ಗುಂಡಿಗಿಂತ ಇದು ನೆರೆಯವನಿಗೆ ಕ್ಷೇಮ. ಇನ್ನು ಹಂದಿಯನ್ನು ಕೊಲ್ಲುವುದಕ್ಕಿಂತ ಓಡಿಸುವುದೇ ಮುಖ್ಯವಾದಾಗ, ಕರಿಮದ್ದಿನ ಗುಡುಗಿನಂಥ ಸದ್ದು, ಬೆಂಕಿ, ಹೊಗೆಯೇ ಅರ್ಧ ಕೆಲಸ ಮಾಡುತ್ತದೆ. ಒಂದೇ ಈಡು ಎಂಬುದೂ ಒಂದು ಶಿಸ್ತು. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಕೋವಿಗಳಿಗೆಂದೇ ಬೇಟೆಯ ಬೇರೆ ಋತುವಿದೆ. ಒಂದೇ ಅವಕಾಶ ಎಂದು ಗೊತ್ತಿದ್ದವನು ಹತ್ತಿರ ಹೋಗುತ್ತಾನೆ, ಕಾಯುತ್ತಾನೆ, ಖಚಿತವಾಗದೆ ಹೊಡೆಯುವುದಿಲ್ಲ ಎಂದು ಅಲ್ಲಿನವರು ನಂಬುತ್ತಾರೆ.

ಈಗ ಇನ್ನೊಂದು ತಟ್ಟೆ. ಕರಿಮದ್ದಿನ ಮೊದಲ ಶತ್ರು ತೇವ, ನೀಲಗಿರಿಯ ಮೊದಲ ಗುಣವೂ ಅದೇ. ಜೂನ್ ಬಂತೆಂದರೆ ಗೂಡಲೂರು, ದೇವಾಲದ ಕಡೆ ಮುಂಗಾರು ಬಿಡದೆ ಹೊಡೆಯುತ್ತದೆ. ಕೂನೂರು, ಕೋತಗಿರಿಗೆ ಹಿಂಗಾರಿನ ಮಳೆ. ಊಟಿಯ ಮೇಲ್ಭಾಗಕ್ಕೆ ಮಂಜು. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ಬಿತ್ತು. ಮಳೆನೆರಳಿನ ಮಸಿನಗುಡಿಯಲ್ಲಿ ಮಾತ್ರ ಬೇಸಿಗೆಯುದ್ದಕ್ಕೂ ಮದ್ದು ಗರಿಗರಿಯಾಗಿರಬಹುದು. ಹೀಗೆ ಒಂದೇ ಜಿಲ್ಲೆಯೊಳಗೆ, ಕಲ್ಲಟ್ಟಿ ಘಾಟಿಯ 36 ತಿರುವುಗಳ ಮೇಲೊಂದು ಕೆಳಗೊಂದು ಎಂಬಂತೆ, ಅದೇ ಕೋವಿಯ ನಂಬಿಕೆ ಬದಲಾಗುತ್ತದೆ. ಕುದುರೆ ಬಿದ್ದು ಕೇಪು ‘ಟಪ್’ ಎಂದು ಒಡೆದರೂ ಈಡು ಹಾರದೆ ಇರುವುದುಂಟು. ಒಂದು ಗಳಿಗೆ ತಡೆದು ಹಾರುವುದೂ ಉಂಟು. ಅದು ಇನ್ನೂ ಅಪಾಯ. ಆ ಗಳಿಗೆಯಲ್ಲಿ ಕೋವಿಯ ಬಾಯಿ ಎತ್ತ ತಿರುಗಿರುತ್ತದೋ ಹೇಳಲಾಗದು.

ಉರಿದ ಮೇಲೂ ಕರಿಮದ್ದು ಬಿಡುವುದಿಲ್ಲ. ಅದರ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಮಸಿಯಾಗಿ, ಉಪ್ಪಾಗಿ ಉಳಿಯುತ್ತದೆ. ನಳಿಗೆಗೆ ಹತ್ತಿದ ಆ ಉಪ್ಪು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರದಿದ್ದರೆ ಕೆಲವೇ ದಿನಗಳಲ್ಲಿ ತುಕ್ಕು. ರಾತ್ರಿಯಿಡೀ ಕಾವಲು ಕೂತು ಬೆಳಿಗ್ಗೆ ತೋಟದ ಕೂಲಿಗೆ ಹೋಗಬೇಕಾದವನಿಗೆ ಈ ಸೇವೆಗೆ ಬಿಡುವೆಲ್ಲಿ?

ಅದಕ್ಕಿಂತ ದೊಡ್ಡ ಸಂಗತಿ ಭಯ. 1863ರ ಗೆಟ್ಟಿಸ್‌ಬರ್ಗ್ ಯುದ್ಧದ ನಂತರ ಆಯ್ದ 27 ಸಾವಿರಕ್ಕೂ ಹೆಚ್ಚು ಬಂದೂಕುಗಳಲ್ಲಿ ಬಹುಪಾಲು ಈಡು ತುಂಬಿದ ಸ್ಥಿತಿಯಲ್ಲೇ ಉಳಿದಿದ್ದವು. ತುಂಬಿದ್ದವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು ಬಿದ್ದಿದ್ದವು ಎಂದು ಆ ಕಾಲದ ಲೆಕ್ಕ ಹೇಳುತ್ತದೆ. ಕವಾಯತು ಕಲಿತ ಸಿಪಾಯಿಗಳ ಕೈಯೇ ಹೀಗೆ ತಪ್ಪಿದ್ದರೆ, ಕತ್ತಲಲ್ಲಿ ಹಂದಿಯ ಉಸಿರು ಕೇಳುತ್ತ ಒಬ್ಬಂಟಿ ಕೂತ ರೈತನ ಕೈಯನ್ನು ದೂರುವುದು ಹೇಗೆ? ಎರಡು ಈಡು ಬಿದ್ದ ಕೋವಿ ಒಡೆದರೆ ಹೋಗುವುದು ಅವನದೇ ಕಣ್ಣು, ಅವನದೇ ಬೆರಳು.

ಪರ ವಾದದ ಇತಿಹಾಸಕ್ಕೂ ಇಲ್ಲಿ ಉತ್ತರವಿದೆ. ಆ ಸಾಹೇಬರಲ್ಲಿ ಉಳ್ಳವರ ಕೈಯಲ್ಲಿದ್ದದ್ದು ನಳಿಗೆಯೊಳಗೆ ತಿರುಚುಗೆರೆ ಕೊರೆದ ಜೋಡು ನಳಿಗೆಯ ರೈಫಲ್, ಕಾರ್ಖಾನೆಯ ಒಂದೇ ಹದದ ಮದ್ದು, ಪಕ್ಕದಲ್ಲಿ ಇನ್ನೊಂದು ಬಂದೂಕು ತುಂಬಿ ಹಿಡಿದ ಆಳು. ಆ ರೈಫಲ್ ನೂರು ಗಜದಾಚೆಗೂ ಗುರಿ ಮುಟ್ಟಬಲ್ಲದು. ಇವತ್ತಿನ ರೈತನಿಗೆ ಸಿಗುವುದು ನುಣುಪು ನಳಿಗೆ. ಐವತ್ತು ಗಜ ದಾಟಿದರೆ ಅದರ ಗುರಿಯ ಮೇಲೆ ಭರವಸೆ ಕಡಿಮೆ. ಹೆಸರು ಒಂದೇ ಆದರೂ ಇವೆರಡನ್ನು ಒಂದೇ ತಕ್ಕಡಿಯಲ್ಲಿ ಇಡಬಾರದು.

ಕೋವಿ ತಪ್ಪಿದಾಗ ಅದರ ಬೆಲೆ ತೆರುವವರು ಯಾರು ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಈಡು ಹಾರದಿದ್ದರೆ ರೈತನಿಗೆ ಒಂದು ರಾತ್ರಿಯ ಬೆಳೆ ನಷ್ಟ. ಅರೆಬರೆ ಹಾರಿದರೆ ಒಂದು ಪ್ರಾಣಿ ಹೊಟ್ಟೆಯಲ್ಲಿ ಚರೆ ಹೊತ್ತು, ಕೀವು ತುಂಬಿ, ಪೊದೆಯೊಳಗೆ ದಿನಗಟ್ಟಲೆ ಸಾಯುತ್ತದೆ. ಸೀಗೂರಿನ ನರಭಕ್ಷಕನ ಬಗ್ಗೆ ಬರೆದ ಕೆನೆತ್ ಆಂಡರ್ಸನ್ ಕತೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಗೊತ್ತು: ನಾಡಕೋವಿಯ ಗಾಯದಿಂದ ಕುಂಟಾದ ಚಿರತೆ, ಹುಲಿಗಳು ಸುಲಭದ ಬೇಟೆ ಹುಡುಕುತ್ತ ಊರಿಗೇ ತಿರುಗುತ್ತವೆ. ಗಾಯಗೊಳಿಸುವುದನ್ನೂ ವನ್ಯಜೀವಿ ಕಾಯ್ದೆ ಬೇಟೆ ಎಂದೇ ಕರೆಯುತ್ತದೆ. ಅದು ಸರಿಯೆಂದೇ ನನ್ನ ಭಾವನೆ.

ಆದರೆ ಇಷ್ಟು ಹೇಳಿ ರೈತನ ಕೈಯಿಂದ ಕೋವಿ ಕಿತ್ತುಕೊಂಡರೆ ಅದೂ ಅನ್ಯಾಯ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಮೀಸಲು ಅರಣ್ಯದಿಂದ 3 ಕಿಲೋಮೀಟರ್ ಆಚೆ ಬಂದ ಕಾಡುಹಂದಿಗಳನ್ನು ಅರಣ್ಯ ಸಿಬ್ಬಂದಿ ಗುಂಡಿಕ್ಕಬಹುದು ಎಂದಿತು. 1ರಿಂದ 3 ಕಿಲೋಮೀಟರ್ ಒಳಗೆ ಹಿಡಿದು ಕಾಡಿಗೆ ಬಿಡಬೇಕು. ಅದಕ್ಕೂ ಹತ್ತಿರ ಗುಂಡು ಹಾರಿಸುವಂತಿಲ್ಲ. ಬಯಲಿನ ರೈತನಿಗೆ ಇದು ಆಸರೆ. ಕಾಡು ಸುತ್ತುವರಿದಿರುವ ಮಸಿನಗುಡಿ, ಬೊಕ್ಕಾಪುರದವರಿಗೆ ಆ 3 ಕಿಲೋಮೀಟರ್ ಎಲ್ಲಿಂದ ತರುವುದು? ಅಲ್ಲಿ ಕಾನೂನಿನ ಕೋವಿಯೂ ಇಲ್ಲದಾಗ ಉರುಳು, ಹಣ್ಣಿನೊಳಗೆ ಹುದುಗಿಸಿದ ಸಿಡಿಮದ್ದು, ಕಳ್ಳ ವಿದ್ಯುತ್ ತಂತಿ ತಲೆ ಎತ್ತುತ್ತವೆ. ಅವುಗಳ ಮುಂದೆ ಕೇಪಿನ ಕೋವಿಯೇ ಕರುಣಾಳು.

2021ರಲ್ಲಿ ಇದೇ ಮಸಿನಗುಡಿಯ ಸುತ್ತ ಟಿ23 ಎಂಬ ಹುಲಿಯನ್ನು ಹಿಡಿಯಲು ಅರಣ್ಯ ಇಲಾಖೆ 21 ದಿನ ದುಡಿಯಿತು. ಸಾಕಾನೆ, ಡ್ರೋನ್, ನಾಯಿ, ಕ್ಯಾಮೆರಾ, ಕಾಡು ಬಲ್ಲ ಬುಡಕಟ್ಟಿನ ಜನ ಎಲ್ಲರೂ ಇದ್ದರು. ಕೊನೆಗೆ ಅಕ್ಟೋಬರ್ 15ರಂದು ಅರಿವಳಿಕೆ ಕೊಟ್ಟು ಜೀವಂತ ಹಿಡಿದು ಮೈಸೂರಿಗೆ ಕಳಿಸಿದರು. ಅರಿವಳಿಕೆಯ ಕೋವಿಯಲ್ಲೂ ಇರುವುದು ಒಂದೇ ಈಡು. ಅದನ್ನು ನಂಬಲು ಸಾಧ್ಯವಾದದ್ದು ಅದರ ಹಿಂದೆ ನಿಂತ ಜನರಿಂದ, ಅವರಿಗಿದ್ದ ಕಾಲಾವಕಾಶದಿಂದ.

ಆದ್ದರಿಂದ ನನ್ನ ತೀರ್ಮಾನ ಹೀಗೆ. ಬೆದರಿಸುವ ದನಿಯಾಗಿ ಕೇಪಿನ ಕೋವಿ ಒಣ ದಿನಗಳಲ್ಲಿ ನಂಬಿಕೆಗೆ ಅರ್ಹ. ಬರೀ ಮದ್ದು, ನಾರು ತುಂಬಿ ಹಾರಿಸುವುದಕ್ಕೆ ಅದು ರೈತನ ಬಳಿ ಇರಲಿ. ಜೀವ ತೆಗೆಯುವ ಸಾಧನವಾಗಿ, ಈ ಮಳೆಯ ಬೆಟ್ಟಗಳಲ್ಲಿ, ಅದು ಸಾಲದು. ಕೊಲ್ಲಲೇಬೇಕೆಂದು ಆದೇಶವಾದರೆ ತೋಟೆ ಕೋವಿಯೋ ರೈಫಲ್ಲೋ ಹಿಡಿದ, ಗುರಿ ಕಲಿತ ಕೈ ಬರಬೇಕು. ಕರೆದ ರಾತ್ರಿಯೇ ಬರಬೇಕು. ಅಲ್ಲಿಯವರೆಗೆ ಅಟ್ಟಣೆಯ ಮೇಲೆ ಮಂಜಿನಲ್ಲಿ ನೆನೆಯುತ್ತ, ಮದ್ದಿನ ಪೊಟ್ಟಣವನ್ನು ಕಂಬಳಿಯೊಳಗೆ ಎದೆಗೊತ್ತಿಕೊಂಡು ಬೆಚ್ಚಗಿಟ್ಟುಕೊಂಡ ಮನುಷ್ಯನಿಗೆ ‘ಆ ಕೋವಿ ಬಿಡು’ ಎಂದು ಹೇಳುವ ಹಕ್ಕು ನಮಗೆ ಪೂರ್ತಿ ಬಂದಿರುವುದಿಲ್ಲ.